ಸೀಮಂತದ ಮುಂದಿನ ಸಾಲು

ಧಾರಾವಾಹಿಯ ಸೆಟ್ಟಿನಲ್ಲಿ ನನ್ನ ಸೋದರತ್ತೆಯ ಕೊರಳಿಗೆ ಒಂದು ನಕಲಿ ತಾಳಿ ಬಿದ್ದ ದಿನದಿಂದ ನನ್ನ ಬರವಣಿಗೆ ನಿಂತಿದೆ. ನಿಂತಿದೆ ಎನ್ನುವುದು ಸೌಜನ್ಯದ ಮಾತು. ಮೇಜಿನ ಮುಂದೆ ಕೂತರೆ ಒಂದು ಪಾತ್ರ ಬಾಯಿ ತೆರೆಯುತ್ತದೆ. ಅದಕ್ಕೆ ಉತ್ತರ ಕೊಡಬೇಕಾದ ಇನ್ನೊಂದು ಪಾತ್ರ ನನ್ನನ್ನೇ ನೋಡುತ್ತ ಸುಮ್ಮನೆ ನಿಂತುಬಿಡುತ್ತದೆ. ಸ್ಫೂರ್ತಿ ಬತ್ತಿರಬೇಕು, ಸ್ವಲ್ಪ ದಿನ ಎಲ್ಲಾದರೂ ಹೋಗಿ ಬಾ ಎಂದು ಗೆಳೆಯರು ಹೇಳುತ್ತಾರೆ. ಅದು ಬತ್ತಿಲ್ಲವೆಂದು ನನಗೆ ಗೊತ್ತು. ನಾನು ಕೆಲವರನ್ನು ಒಂದು ಪ್ರಶ್ನೆ ಕೇಳಿದ್ದೆ, ಯಾರೂ ಉತ್ತರಿಸಲಿಲ್ಲ. ಆ ಉತ್ತರ ಬಾರದೆ ಮುಂದಿನ ಮಾತು ಬರೆಯುವುದು ನನ್ನಿಂದ ಆಗುತ್ತಿಲ್ಲ.

ಅತ್ತೆ ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡವರು. ಅನುಕಂಪದ ಆಧಾರದ ಮೇಲೆ ಸಿಕ್ಕಿದ ಗುಮಾಸ್ತೆಯ ಕೆಲಸವನ್ನು ನಿವೃತ್ತಿಯವರೆಗೂ ಮಾಡಿ, ಚಾಮರಾಜಪೇಟೆಯ ಒಂದು ಹಳೆಯ ಮನೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ಅಪ್ಪನಿಗೆ ಬೇರೆ ಊರಿಗೆ ವರ್ಗವಾದಾಗ ನಾನು ಕಾಲೇಜಿನ ನೆಪದಲ್ಲಿ ಅವರ ಮನೆಗೆ ಬಂದವಳು, ಕನ್ನಡ ಎಂ.ಎ. ಮುಗಿದ ಮೇಲೂ ಅಲ್ಲಿಯೇ ಉಳಿದೆ. ಸಂಜೆಯಾದರೆ ಅತ್ತೆ ಮಾರುಕಟ್ಟೆಯಿಂದ ತಂದ ಮಲ್ಲಿಗೆ ಮೊಗ್ಗನ್ನು ಕೆಂಪು ನೆಲದ ಮೇಲೆ ಸುರಿದುಕೊಂಡು ಹೂ ಕಟ್ಟಲು ಕೂರುತ್ತಿದ್ದರು. ಏಳು ಗಂಟೆಗೆ ನಮ್ಮ ಧಾರಾವಾಹಿ.

ನಮ್ಮದು ಎಂದೆ. ಅದು ಸತ್ಯ. ಹೊಲಿಗೆ ಯಂತ್ರ ತುಳಿದು ಒಬ್ಬಳೇ ಮಗಳನ್ನು ಸಾಕಿದ ವಿಧವೆ, ದೊಡ್ಡ ಮನೆಗೆ ಸೊಸೆಯಾಗಿ ಹೋದ ಆ ಮಗಳು, ಬೀಗಿತ್ತಿಯ ಕೊಂಕು: ಕಥೆಯಲ್ಲಿ ಹೊಸದೇನೂ ಇರಲಿಲ್ಲ. ಊರೆಲ್ಲ ಮಗಳ ಪಾತ್ರಕ್ಕೆ ಮರುಳಾಗಿದ್ದರೆ ಅತ್ತೆ ಆ ತಾಯಿಯ ಅಭಿಮಾನಿ. ವಿಶ್ವವಿದ್ಯಾಲಯದಲ್ಲಿ ನಾನು ಗಂಭೀರ ಸಾಹಿತ್ಯದ ಬಗ್ಗೆ ಪ್ರಬಂಧ ಮಂಡಿಸಿ ಬಂದು, ಸಂಜೆ ಈ ತಾಯಿಗಾಗಿ ಬೀಗಿತ್ತಿಯನ್ನು ಬೈಯುತ್ತಿದ್ದೆ. ನನಗೆ ಅದರಲ್ಲಿ ಯಾವ ವಿರೋಧಾಭಾಸವೂ ಕಾಣುತ್ತಿರಲಿಲ್ಲ, ಈಗಲೂ ಕಾಣುವುದಿಲ್ಲ. ಜಾಹೀರಾತು ಬಂದಾಗ ಮುಂದಿನ ಮಾತನ್ನು ಊಹಿಸುವುದು ನಮ್ಮ ಆಟ.

"ಈಗ ಆ ಬೀಗಿತ್ತಿ ಏನಂತಾಳೆ ಹೇಳು ನೋಡೋಣ."

"'ನನ್ನ ಮಗನ್ನ ಬುಟ್ಟಿಗೆ ಹಾಕ್ಕೊಂಡ್ರಿ' ಅಂತಾಳೆ."

"ಥೂ, ಅದನ್ನ ಮೊನ್ನೇನೇ ಅಂದಾಯ್ತಲ್ಲೇ. ಎಂ.ಎ. ಓದಿದೀಯ, ಒಂದು ಹೊಸಾ ಬೈಗುಳ ಬರಲ್ವಾ ನಿಂಗೆ?"

ಹೀಗೆ ಹುಟ್ಟಿದ ಮಾತುಗಳನ್ನು ನಾನು ದೃಶ್ಯಗಳನ್ನಾಗಿ ಬರೆದು ವೀಕ್ಷಕರ ಆನ್‌ಲೈನ್ ಗುಂಪೊಂದರಲ್ಲಿ ಹಾಕತೊಡಗಿದೆ. ಧಾರಾವಾಹಿಯಲ್ಲಿ ಮೌನವಾಗಿ ಕಣ್ಣೊರೆಸಿಕೊಂಡ ತಾಯಿ ನನ್ನ ದೃಶ್ಯದಲ್ಲಿ ತಿರುಗಿ ಮಾತನಾಡುತ್ತಿದ್ದಳು. ಅದನ್ನು ಓದುವವರು ಹೆಚ್ಚಿದರು. ಒಂದು ದಿನ ನಿರ್ಮಾಣ ಸಂಸ್ಥೆಯಿಂದಲೇ ಫೋನು ಬಂತು. ಹಳೆಯ ಸಂಭಾಷಣೆಕಾರರು ಬಿಟ್ಟು ಹೋಗಿದ್ದಾರೆ, ನೀವು ಬರೆಯುತ್ತೀರಾ?

ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಕೆಲಸ ಶುರುವಾಯಿತು. ಟಿವಿಗೆ ಬರೆಯುವುದೆಂದರೆ ಏನೆಂದು ಅಲ್ಲಿ ತಿಳಿಯಿತು. ಕಥೆ ನಮ್ಮದಲ್ಲ. ಪ್ರತಿ ಸಂಚಿಕೆಯ ಕಥೆ ವಾಹಿನಿಯಿಂದ ನಾಲ್ಕೈದು ಸಾಲಿನಲ್ಲಿ ಬರುತ್ತದೆ. ಅದನ್ನು ಒನ್‌ಲೈನ್ ಎನ್ನುತ್ತಾರೆ. ಆ ಸಾಲುಗಳಿಗೆ ಬಾಯಿ ಕೊಡುವುದು ಸಂಭಾಷಣೆಕಾರರ ಪಾಲು. ಬರೆದದ್ದು ಬೆಳಿಗ್ಗೆ ಫೋನಿನಲ್ಲಿ ಸೆಟ್ಟಿಗೆ ಹೋಗುತ್ತದೆ, ಸಂಜೆಯೊಳಗೆ ಚಿತ್ರೀಕರಣವಾಗುತ್ತದೆ. ನಡುವೆ ಯಾರು ಬೇಕಾದರೂ ಅದನ್ನು ತಿದ್ದಬಹುದು, ಯಾರೂ ಸಹಿ ಹಾಕಬೇಕಿಲ್ಲ. ಆದರೆ ಶೀರ್ಷಿಕೆಯಲ್ಲಿ 'ಸಂಭಾಷಣೆ' ಎಂಬುದರ ಕೆಳಗೆ ಓಡುವುದು ಒಂದೇ ಹೆಸರು. ನನ್ನ ಹೆಸರು ಮೊದಲ ಬಾರಿ ಬಂದಾಗ ಅತ್ತೆ ಹೂವನ್ನು ಬದಿಗಿಟ್ಟು ಟಿವಿಯ ಪರದೆಯ ಫೋಟೊ ತೆಗೆದರು. ಅದು ಮಸುಕಾಗಿ ಬಂತು. ಆದರೂ ಎಲ್ಲರಿಗೂ ಕಳಿಸಿದರು.

ಕಥೆಯಲ್ಲಿ ನಾಯಕಿ ಗರ್ಭಿಣಿಯಾದಳು. ಸೀಮಂತದ ಮಹಾಸಂಚಿಕೆಯನ್ನು ಬಸವನಗುಡಿಯ ಒಂದು ಕಲ್ಯಾಣಮಂಟಪದಲ್ಲಿ ನಿಜವಾದ ಸೀಮಂತದಂತೆಯೇ ನಡೆಸುವುದು, ಸುತ್ತಲಿನ ಬಡಾವಣೆಗಳ ಹೆಂಗಸರನ್ನು ಅತಿಥಿಗಳಾಗಿ ಕರೆಯುವುದು ಎಂದು ತೀರ್ಮಾನವಾಯಿತು. ಇದು ಈ ಉದ್ಯಮದ ರೂಢಿ. ಧಾರಾವಾಹಿಯ ಮದುವೆಗೆ ಜನ ಉಡುಗೊರೆ ತರುತ್ತಾರೆ, ಧಾರಾವಾಹಿಯ ಬಸುರಿಗೆ ಮಡಿಲು ತುಂಬುತ್ತಾರೆ. ನನಗೆ ಬಂದ ಒನ್‌ಲೈನ್‌ನಲ್ಲಿ "ಸೀಮಂತ, ತಾಯಿಗೆ ಸಂತೋಷ" ಎಂದಷ್ಟೇ ಇತ್ತು. ಅದರ ಒಳಗೆ ನಾನು ಒಂದು ದೃಶ್ಯ ಕಟ್ಟಿದೆ. ಮೊದಲ ಬಳೆ ತೊಡಿಸಲು ಬೀಗಿತ್ತಿ ಮುಂದೆ ಬರುತ್ತಾಳೆ. ನಾಯಕಿ ಕೈ ಹಿಂದಕ್ಕೆ ಎಳೆದುಕೊಂಡು, ಬಾಗಿಲ ಬಳಿ ನಿಂತ ತನ್ನ ತಾಯಿಯನ್ನು ಕರೆಯುತ್ತಾಳೆ. "ಅಮ್ಮಾ, ನೀನು ತೊಡಿಸಿದ ಮೇಲೆ ಉಳಿದೋರು."

"ಚೆನ್ನಾಗಿದೆ ಮೇಡಂ," ಎಂದರು ಸಂಚಿಕೆ ನಿರ್ದೇಶಕರು. "ಹೆಂಗಸ್ರೆಲ್ಲ ಅಳ್ತಾರೆ ನೋಡ್ತಿರಿ." ವಾಹಿನಿಯವರೂ ಒಪ್ಪಿದ್ದಾರೆಂದು ಹೇಳಿದರು.

ಮನೆಯಲ್ಲಿ ಅತ್ತೆಗೆ ಅದನ್ನು ಓದಿ ಹೇಳಿದೆ. ಅವರ ಬೆರಳುಗಳ ನಡುವೆ ದಾರ ನಿಂತಿತು.

"ಮೊದಲ್ನೇ ಬಳೆ ಅವಳೇ ತೊಡಿಸ್ತಾಳಾ? ಎಲ್ಲರ ಎದುರಿಗೆ?"

"ಎಲ್ಲರ ಎದುರಿಗೇ ಅತ್ತೆ."

ಮತ್ತೆ ಹೂ ಕಟ್ಟತೊಡಗಿದರು. ತಲೆಯೆತ್ತದೆ ಹೇಳಿದರು: "ನಿಮ್ಮಮ್ಮನ ಸೀಮಂತದಲ್ಲಿ ನಾನು ಅಡುಗೆಮನೇಲಿ ಚಕ್ಕುಲಿ ಒತ್ತುತಾ ಇದ್ದೆ. ಹೊಟ್ಟೇಲಿದ್ದೋಳು ನೀನೇ. ಯಾರೂ ಹೊರಗೆ ಬರಬೇಡ ಅನ್ನಲಿಲ್ಲ. ಬಾ ಅಂತಾನೂ ಅನ್ನಲಿಲ್ಲ." ದಾರಕ್ಕೆ ಗಂಟು ಹಾಕಿ, "ಈ ಸೀಮಂತಕ್ಕೆ ನಾನು ಬರ್ತೀನಿ ಕಣೇ. ಮುಂದೇನೇ ಕೂತ್ಕೋತೀನಿ."

ಅತ್ತೆ ಅದುವರೆಗೆ ಯಾವ ಸಮಾರಂಭದಲ್ಲೂ ಮುಂದೆ ಕೂತವರಲ್ಲ. ಅವರಿಗೆ ಅದೊಂದು ಧಾರಾವಾಹಿಯ ಸಂಚಿಕೆಯಾಗಿ ಉಳಿದಿರಲಿಲ್ಲ ಎಂಬುದು ನನಗೆ ಆಗಲೇ ಅರ್ಥವಾಯಿತು. ನನ್ನ ದೃಶ್ಯದ ಮೇಲೆ ಅವರ ಹಕ್ಕು ನನಗಿಂತ ದೊಡ್ಡದಾಗಿತ್ತು.

ಮರುದಿನ ಗಾಂಧಿಬಜಾರಿನ ಬಳೆ ಅಂಗಡಿಯಲ್ಲಿ ನಾಯಕಿಗೆಂದು ಹಸಿರು ಗಾಜಿನ ಬಳೆ ಆರಿಸಿದರು. ಅಂಗಡಿಯವರು ಅಳತೆ ಕೇಳಿದರೆ, "ಎರಡೂಕಾಲು ಕೊಡಿ. ಅವಳದ್ದು ಸಣ್ಣ ಕೈ" ಎಂದರು.

"ಅತ್ತೆ, ನೀವು ಅವಳನ್ನ ನೋಡೇ ಇಲ್ಲ."

"ದಿನಾ ಸಂಜೆ ನೋಡ್ತೀನಲ್ಲೇ. ನಿನ್ನ ಕೈ ಅಳತೆ ಬೇಕಾದ್ರೆ ಮರೆತಿರ್ತೀನಿ."

ಚಿತ್ರೀಕರಣದ ದಿನ ನಾವು ಬೆಳಿಗ್ಗೆಯೇ ಹೋದೆವು. ಅತ್ತೆ ಜರಿಯಂಚಿನ ನೀಲಿ ಸೀರೆ ಉಟ್ಟಿದ್ದರು, ಹಣೆಗೆ ಎಂದಿನಂತೆ ಸಣ್ಣ ಸ್ಟಿಕ್ಕರು. ಮಂಟಪದ ತುಂಬ ಚೆಂಡುಹೂವಿನ ತೋರಣ, ಎಲ್ಲ ಕಡೆ ವೈರು. ಅವರನ್ನು ವೇದಿಕೆಯ ಎದುರು ಮುಂದಿನ ಸಾಲಿನಲ್ಲಿ ಕೂರಿಸಿ ನಾನು ಒಂದು ಮೂಲೆಯಲ್ಲಿದ್ದ ಮಾನಿಟರಿನ ಬಳಿ ಹೋದೆ. ಕ್ಯಾಮೆರಾ ಕಂಡದ್ದೆಲ್ಲ ಆ ಚಿಕ್ಕ ಪರದೆಯಲ್ಲಿ ಕಾಣುತ್ತದೆ. ಸದ್ದು ಹೆಡ್‌ಫೋನಿನಲ್ಲಿ ಬರುತ್ತದೆ.

ಧ್ವನಿವರ್ಧಕದಲ್ಲಿ ಒಬ್ಬರು ಕೂಗಿದರು: "ಮುತ್ತೈದೇರೆಲ್ಲ ಮುಂದಿನ ಎರಡು ಸಾಲಿಗೆ ಬನ್ನಿಯಮ್ಮಾ! ಉಳಿದೋರು ದಯವಿಟ್ಟು ಹಿಂದೆ!"

ಅತ್ತೆ ಕದಲಲಿಲ್ಲ. ಉಡುಪು ವಿಭಾಗದ ಹುಡುಗಿಯೊಬ್ಬಳು ಸಾಲಿನುದ್ದಕ್ಕೂ ಸೆರಗು ಸರಿಪಡಿಸುತ್ತ ಬಂದಳು. ಅತ್ತೆಯ ಹತ್ತಿರವೇ ಇದ್ದ ಮೈಕು ಅವರ ಮಾತನ್ನೆಲ್ಲ ನನ್ನ ಕಿವಿಗೆ ತಂದು ಹಾಕಿತು.

"ಅಮ್ಮಾ, ತಾಳಿ ಕಾಣಿಸ್ತಿಲ್ಲ. ಸೆರಗು ಸ್ವಲ್ಪ ಈ ಕಡೆ ಮಾಡ್ಕೊಳ್ಳಿ."

"ತಾಳಿ ಇಲ್ಲಮ್ಮ."

"ಮನೇಲಿ ಬಿಟ್ಟು ಬಂದ್ರಾ?"

"ನಮ್ಮೆಜಮಾನ್ರು ಹೋಗಿ ಬಹಳ ವರ್ಷ ಆಯ್ತು."

ಹುಡುಗಿ ಅಯ್ಯೋ ಎಂದಳು. ಆ ಅಯ್ಯೋ ನಿಜವಾದದ್ದು, ಅದನ್ನು ನಾನು ಒಪ್ಪಬೇಕು. ಅತ್ತೆಯನ್ನು ಏಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಹಿರಿಯ ಹೆಂಗಸೊಬ್ಬರನ್ನು ಎಲ್ಲರೆದುರು ಎಬ್ಬಿಸಿ ಹಿಂದಕ್ಕೆ ಕಳಿಸುವುದಕ್ಕಿಂತ ಸುಲಭವಾದ, ತನ್ನ ಕಣ್ಣಿಗೆ ಮರ್ಯಾದೆಯಾದ ಒಂದು ದಾರಿ ಅವಳಿಗೆ ಹೊಳೆಯಿತು. ಹಾಗೆ ಹೊಳೆಯಬೇಕಾದರೆ ವರ್ಷಗಟ್ಟಲೆ ಆ ಸೆಟ್ಟುಗಳಲ್ಲೇ ಬದುಕಿರಬೇಕು. ಓಡಿಹೋಗಿ ಉಡುಪಿನ ಪೆಟ್ಟಿಗೆಯಿಂದ ಕರಿಮಣಿಯ ಸರವೊಂದನ್ನು ತಂದಳು.

"ಇದೊಂದು ಹಾಕ್ಕೊಂಡ್ಬಿಡಿ ಆಂಟಿ. ಸುಮ್ನೆ ಶೂಟಿಂಗ್ ಪ್ರಾಪರ್ಟಿ ಇದು, ಗಿಲೀಟು. ಇಲ್ಲೇ ಮುಂದೇನೇ ಕೂತ್ಕೋಬಹುದು ನೀವು. ಯಾರ್ಗೂ ಗೊತ್ತಾಗಲ್ಲ."

ನಾನು ಹೆಡ್‌ಫೋನು ಕಿತ್ತು ಆ ಕಡೆ ಧಾವಿಸಿದೆ. ನಾನು ತಲುಪುವಷ್ಟರಲ್ಲಿ ಅತ್ತೆ ಕತ್ತು ಬಗ್ಗಿಸಿದ್ದರು, ಹುಡುಗಿ ಹಿಂದಿನಿಂದ ಕೊಂಡಿ ಹಾಕುತ್ತಿದ್ದಳು. ಪಕ್ಕದಲ್ಲಿ ಕೂತವರು ತುಂಬ ಎಚ್ಚರಿಕೆಯಿಂದ ವೇದಿಕೆಯ ಕಡೆ ನೋಡುತ್ತಿದ್ದರು.

"ಅತ್ತೆ, ತೆಗೀರಿ ಅದನ್ನ. ಏಳಿ, ಮನೆಗೆ ಹೋಗೋಣ."

"ಹೋಗೇ ಆ ಕಡೆ," ಎಂದರು ಅತ್ತೆ, ತುಟಿ ಅಲುಗದಂತೆ. "ನಿನ್ನ ಸೀನ್ ಬರ್ತಿದೆಯಲ್ಲ. ಆ ತಾಯಿ ಬಳೆ ತೊಡಿಸೋದನ್ನ ಇಲ್ಲಿಂದಾನೇ ನೋಡ್ಬೇಕು ನಾನು."

ದೀಪಗಳು ಹತ್ತಿದವು. ಸೈಲೆನ್ಸ್ ಎಂದರು.

ಓಲಗ ಮೊಳಗಿತು. ನಾಯಕಿ ಮಣೆಯ ಮೇಲೆ ಕೂತಳು. ಬೀಗಿತ್ತಿ ಬಂದು ಮೊದಲ ಬಳೆ ತೊಡಿಸಿದಳು. ನಾಯಕಿ ಕೈ ಎಳೆದುಕೊಳ್ಳಲಿಲ್ಲ. ಕ್ಯಾಮೆರಾ ಬಾಗಿಲ ಕಡೆ ತಿರುಗಿದಾಗ, ಕಂಬದ ಮರೆಯಲ್ಲಿದ್ದ ತಾಯಿ ಸೆರಗನ್ನು ಬಾಯಿಗೊತ್ತಿಕೊಂಡು ನಾನು ಬರೆಯದ ಮಾತೊಂದನ್ನು ಆಡಿದಳು: "ನನ್ನ ನೆರಳು ಬೀಳೋದು ಬೇಡ ಮಗಳೇ, ದೂರದಿಂದಲೇ ಹರಸ್ತೀನಿ." ಹೆಂಗಸರು ಅತ್ತರು. ನಿರ್ದೇಶಕರು ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಯಿತು. ಆಮೇಲೆ ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಹೋಗಿ ಬಳೆ ತೊಡಿಸಿದರು. ಅತ್ತೆಯ ಸರದಿ ಬಂದಾಗ ಅವರು ಏಳಲಿಲ್ಲ. ತಂದಿದ್ದ ಬಳೆಗಳ ಕಾಗದದ ಪೊಟ್ಟಣವನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಒತ್ತಿ ಹಿಡಿದಿದ್ದರು. ಕ್ಯಾಮೆರಾ ತಮ್ಮ ಮುಖದ ಮೇಲೆ ಬಂದಾಗ ಮಾತ್ರ, ಸೆಟ್ಟಿನವರು ಬೆಳಗಿನಿಂದ ಹೇಳಿಕೊಟ್ಟಿದ್ದಂತೆ, ನಕ್ಕರು.

ಆ ನಗು ಪ್ರಸಾರವಾಯಿತು. ಪ್ರಸಾರಕ್ಕೆ ಮುಂಚೆ ಪ್ರೋಮೊದಲ್ಲಿ ದಿನಕ್ಕೆ ಎಷ್ಟೋ ಬಾರಿ ಬಂತು. ಕೆಳಗಿನ ಮನೆಯವರು ಮೆಟ್ಟಿಲ ಬಳಿ ನಿಲ್ಲಿಸಿ, "ನಿಮ್ಮತ್ತೇನ ಟಿವೀಲಿ ನೋಡಿದ್ವಿ, ಎಷ್ಟು ಲಕ್ಷಣವಾಗಿ ಕಾಣ್ತಿದ್ರು" ಎಂದು ಹೇಳಿ, ಮುಂದಿನದನ್ನು ಹೇಳದೆ ಉಳಿಸಿಕೊಂಡರು. ಅತ್ತೆಯ ಓರಗಿತ್ತಿ ಉಳಿಸಿಕೊಳ್ಳಲಿಲ್ಲ. ಫೋನಿನಲ್ಲಿ ಅವರ ದನಿ ಕೋಣೆಯಾಚೆಗೂ ಕೇಳಿತು. "ಈ ವಯಸ್ಸಲ್ಲಿ ಏನೇ ಇದು ವೇಷ? ಟಿವೀಲಿ ಬರೋ ಚಪಲಕ್ಕೆ ತಾಳಿ ಹಾಕ್ಕೊಂಡ್ಯಾ? ನನ್ನ ಮೈದುನನ ಆತ್ಮ ಏನಂದ್ಕೊಂಡಿರ್ಬೇಕು!" ಅತ್ತೆ ಹೂಂ, ಹೂಂ ಎನ್ನುತ್ತ ಪೂರ್ತಿ ಕೇಳಿಸಿಕೊಂಡರು. ಅಂದಿನಿಂದ ಸಂಜೆ ಟಿವಿ ಹಾಕಲಿಲ್ಲ.

ಕೃತಿಯೊಂದು ಹುಟ್ಟಿದ ಮೇಲೆ ಬರೆದವರನ್ನು ಹುಡುಕಬಾರದು ಎಂದು ನಾನು ತರಗತಿಯಲ್ಲಿ ಕಲಿತಿದ್ದೆ, ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಈಗ ಹುಡುಕಲು ಹೊರಟೆ. "ನೆರಳು ಬೀಳೋದು ಬೇಡ" ಎಂಬ ಮಾತನ್ನು ಬರೆದವರು ಯಾರು?

ಸಂಚಿಕೆ ನಿರ್ದೇಶಕರನ್ನು ಕೇಳಿದೆ. "ನಂಗೇನ್ ಗೊತ್ತು ಮೇಡಂ, ಬೆಳಿಗ್ಗೆ ಬದಲಾಗಿ ಬಂತು, ತೆಗೆದೆ. ಚಾನೆಲ್ಲಿಂದ ಇರ್ಬೇಕು." ವಾಹಿನಿಯ ಕಥಾ ವಿಭಾಗದಲ್ಲಿ ನನ್ನದೇ ವಯಸ್ಸಿನ, ನನ್ನಂತೆಯೇ ಸಾಹಿತ್ಯ ಓದಿದವಳೊಬ್ಬಳಿದ್ದಳು. "ನಂಗೂ ನಿಮ್ಮ ಸೀನೇ ಇಷ್ಟ ಆಗಿತ್ತು ಗೊತ್ತಾ," ಎಂದಳು. "ಆದ್ರೆ ವೀಕ್ಷಕರು ಒಪ್ಪಲ್ಲ ಅನ್ನೋ ಫೀಡ್‌ಬ್ಯಾಕ್ ಇತ್ತು."

"ಯಾವ ವೀಕ್ಷಕರು? ಯಾರು ಕೇಳಿದ್ದು, ಯಾರನ್ನ ಕೇಳಿದ್ದು? ಎಲ್ಲಾ ಸಂಚಿಕೆ ನೋಡೋ ವೀಕ್ಷಕಿ ಒಬ್ರು ಅಲ್ಲೇ ಮುಂದೆ ಕೂತಿದ್ರು. ಅವರನ್ನ ನೀವು ಏನು ಕೇಳಿದ್ರಿ? ತಾಳಿ ಎಲ್ಲಿ ಅಂತ."

"ಪರ್ಸನಲ್ ಆಗಿ ತಗೋತಿದೀರ."

ಹೌದು, ತೆಗೆದುಕೊಳ್ಳುತ್ತೇನೆ. ಮನೆಯೊಳಗೆ ಬಂದು, ನಡುಮನೆಯಲ್ಲಿ ಕೂತು, ಹೂ ಕಟ್ಟುತ್ತಿರುವ ಹೆಂಗಸಿಗೆ ನಿನ್ನ ನೆರಳು ಕೆಟ್ಟದ್ದು ಎಂದು ಹೇಳುವ ಮಾಧ್ಯಮ ಬೇರೆ ಹೇಗೆ ತೆಗೆದುಕೊಳ್ಳಬೇಕೆಂದು ಬಯಸುತ್ತದೆ? ಪುಸ್ತಕ ಬೇಡವೆನಿಸಿದರೆ ಮುಚ್ಚಿಡಬಹುದು. ಟಿವಿಯ ಮಾತು ಮಾತ್ರ ಮುಚ್ಚಿದ ಬಾಗಿಲಿನೊಳಗೂ, ಪಕ್ಕದ ಮನೆಯ ಗೋಡೆಯಿಂದಲೂ ಬರುತ್ತದೆ, ಮರುದಿನ ಬಸ್ಸಿನಲ್ಲಿ ಇನ್ನೊಬ್ಬರ ಬಾಯಲ್ಲಿ ಕೂರುತ್ತದೆ. ಇಷ್ಟು ದೂರ ಹೋಗುವ ಮಾತಿಗೆ ಆಡಿದವರು ಯಾರೂ ಇಲ್ಲವೆಂದರೆ ಅದನ್ನು ನಾನು ನಂಬುವುದಿಲ್ಲ. ಜನ ಕೇಳುತ್ತಾರೆ, ಅದಕ್ಕೇ ಕೊಡುತ್ತೇವೆ ಎನ್ನುವವರು ಒಮ್ಮೆಯಾದರೂ ಬೇರೆಯದನ್ನು ಕೊಟ್ಟು ನೋಡಿದ್ದಾರೆಯೆ? ಕೈಗೆ ಬಂದಿದ್ದ ದೃಶ್ಯವನ್ನು ಬಿಸಾಡಿದ್ದು ಜನರಲ್ಲ. ಅದು ಜನರನ್ನು ತಲುಪಲೇ ಇಲ್ಲ.

ಕೊನೆಗೆ ನಿರ್ಮಾಪಕರ ಮುಂದೆ ಕೂತೆ. ನನ್ನ ಬೇಡಿಕೆಗಳು ಚಿಕ್ಕವು. ಅತ್ತೆಯ ಮುಖವಿರುವ ಆ ತುಣುಕನ್ನು ಮರುಪ್ರಸಾರದಿಂದ ತೆಗೆಯಬೇಕು. ಆ ಮಾತು ಬರೆದವರು ಅತ್ತೆಯ ಎದುರು ಬಂದು, ಬರೆದದ್ದು ನಾನು ಎಂದು ಹೇಳಬೇಕು. ಕ್ಷಮೆಯನ್ನು ನಾನು ಕೇಳಲಿಲ್ಲ.

ಅವರು ಕೋಪಗೊಳ್ಳಲಿಲ್ಲ. ಕಾಫಿ ತರಿಸಿದರು. "ನೋಡಿಮ್ಮಾ, ಟೈಟಲಲ್ಲಿ ಸಂಭಾಷಣೆ ಅಂತ ಯಾರ ಹೆಸ್ರಿದೆ? ನಿಮ್ದೇ. ಹೊರಗಡೆ ಯಾರಾದ್ರೂ ಕೇಳಿದ್ರೆ ಬರೆದಿದ್ದು ನೀವೇ ಅಂದ್ಕೋತಾರೆ. ಇನ್ನು ತಾಳಿ ವಿಷ್ಯ. ನಮ್ಮ ಹುಡುಗಿ ಬಲವಂತ ಮಾಡಿದ್ಳಾ? ನಿಮ್ಮತ್ತೆ ತಾವೇ ಕತ್ತು ಬಗ್ಗಿಸಿದಾರೆ, ಫುಟೇಜ್‌ನಲ್ಲೇ ಇದೆ. ಬೇಕಾದ್ರೆ ತೋರಿಸ್ಲಾ?"

ನಾನು ಎದ್ದು ಬಂದೆ. ಕೆಲಸ ಬಿಟ್ಟೆ. ಮೊದಲೇ ಚಿತ್ರೀಕರಿಸಿಟ್ಟಿದ್ದ ಸಂಚಿಕೆಗಳು ಮುಗಿಯುವವರೆಗೆ ನನ್ನ ಹೆಸರು ಶೀರ್ಷಿಕೆಯಲ್ಲಿ ಓಡುತ್ತಲೇ ಇತ್ತು, ನನ್ನ ಮಾತು ಅದರಲ್ಲಿ ಎಷ್ಟಿತ್ತೋ ತಿಳಿಯದು.

ಆಮೇಲಿನದು ಈ ಬರಡು ಕಾಲ. ಬಾಡಿಗೆ ಮಾತು ಬರೆಯುವುದನ್ನು ಬಿಟ್ಟವಳಿಗೆ ಸ್ವಂತ ಮಾತು ಬರಬೇಕಿತ್ತು, ಅದೂ ಬರಲಿಲ್ಲ. ಸಂಜೆಯ ಹೊತ್ತು ವಿಶ್ವೇಶ್ವರಪುರದ ತಿಂಡಿ ಬೀದಿಯವರೆಗೆ ಸುಮ್ಮನೆ ನಡೆದು, ದೋಸೆಯ ಹೊಗೆಯಲ್ಲಿ ನಿಂತು, ಏನೂ ತಿನ್ನದೆ ಮರಳುತ್ತಿದ್ದೆ. ಯಾವ ದೃಶ್ಯಕ್ಕೆ ಕೈ ಹಾಕಿದರೂ ಬಗ್ಗಿದ ಕತ್ತು ಅಡ್ಡ ಬರುತ್ತಿತ್ತು. ನಡೆದದ್ದನ್ನೇ ಬರೆಯೋಣವೆಂದರೆ ನಿರ್ಮಾಪಕರ ಮಾತು ಎದುರಾಗುತ್ತಿತ್ತು. ಅತ್ತೆ ತಾವೇ ಒಪ್ಪಿದರು ಎಂಬುದನ್ನು ಬಿಟ್ಟು ಬರೆದರೆ ಅದು ಸುಳ್ಳು, ನಾನು ಯಾರನ್ನು ಪ್ರಶ್ನಿಸುತ್ತಿದ್ದೇನೋ ಅವರು ಮಾಡಿದಂಥದ್ದೇ ತಿದ್ದುಪಡಿ. ಸೇರಿಸಿ ಬರೆದರೆ ಅವರನ್ನು ಎರಡನೆಯ ಬಾರಿ ಎಲ್ಲರೆದುರು ಕೂರಿಸಿದಂತೆ. ಎರಡನ್ನೂ ಬರೆದು ಹರಿದೆ.

ಕಳೆದ ವಾರ ಒಂದು ಸಂಜೆ ಅತ್ತೆ ಹೂ ಕಟ್ಟುತ್ತ ಕೇಳಿದರು. "ಏನೇ, ಬರೆಯೋದು ಬಿಟ್ಟೇಬಿಟ್ಯಾ?"

ಕಾರಣ ಹೇಳಿದೆ. ನಿರ್ಮಾಪಕರು ಅಂದದ್ದನ್ನೂ ಮೊದಲ ಬಾರಿಗೆ ಹೇಳಿದೆ. ಅತ್ತೆಯ ಮುಖ ಕೆಂಪಾಯಿತು.

"ತೋರಿಸ್ತಾನಂತಾ? ತೋರಿಸ್ಲಿ. ನಾನೇನು ಇಲ್ಲ ಅಂದ್ನಾ?" ಎಂದರು. "ಬರೆಯೋದಾದ್ರೆ ನಾನೇ ಹಾಕ್ಕೊಂಡೆ ಅಂತಾನೇ ಬರಿ. ಪಾಪ, ಗೊತ್ತಾಗದೆ ಹಾಕ್ಕೊಂಡ್ರು ಅಂತೆಲ್ಲ ಬರೀಬೇಡ. ಗೊತ್ತಿತ್ತು ನಂಗೆ. ಗಿಲೀಟು ತಣ್ಣಗಿತ್ತು. ಮುಂದೆ ಕೂತ್ಕೋಬೇಕು ಅನ್ನೋ ಆಸೆ ಅದಕ್ಕಿಂತ ಜಾಸ್ತಿ ಇತ್ತು. ಆಸೆ ನಂದು. ಅದಕ್ಕೆ ಅಷ್ಟು ಬೆಲೆ ಇಟ್ಟಿದ್ದು ಯಾರು ಅಂತ ಅವರನ್ನ ಕೇಳು, ನೀನು ಬಿಡಬೇಡ. ನನ್ನ ಪಾಲಿಂದು ನಾನು ಹೇಳಾಯ್ತು."

ಇದರಲ್ಲಿ ಪಾಲಿದ್ದವರೆಲ್ಲರಲ್ಲಿ ತಾನು ಮಾಡಿದ್ದನ್ನು ನಾನೇ ಮಾಡಿದೆ ಎಂದು ಹೇಳಿದ್ದು ಅವರೊಬ್ಬರೇ. ನಾನು ಅವರನ್ನು ಕೇಳಿಯೇ ಇರಲಿಲ್ಲ. ಅವರು ಹೇಳಿದಂತೆಯೇ ಬರೆದಿದ್ದೇನೆ, ಓದಿ ಹೇಳಿದ್ದೇನೆ. ಓರಗಿತ್ತಿಯ ಮಾತನ್ನು ತೆಗೆಯಬೇಡ ಎಂದರು. ಉಳಿದವರ ಪಾಲಿನ ಜಾಗ ಖಾಲಿ ಇದೆ.

ಆ ಹಸಿರು ಬಳೆಗಳು ಪೊಟ್ಟಣದಲ್ಲಿ ಹಾಗೆಯೇ ಟಿವಿಯ ಪಕ್ಕದಲ್ಲಿವೆ. ಎರಡೂಕಾಲಿನ ಅಳತೆ ನನ್ನ ಕೈಗೂ ಆಗುವುದಿಲ್ಲ, ಅವರ ಕೈಗೂ ಆಗುವುದಿಲ್ಲ. ಏಳು ಗಂಟೆಗೆ ಕೆಳಗಿನ ಮನೆಯಿಂದ ಶೀರ್ಷಿಕೆ ಗೀತೆ ಮೇಲಕ್ಕೆ ಬರುತ್ತದೆ. ನಿನ್ನೆಯೂ ಬಂತು. ಅತ್ತೆ ದಾರ ಬಿಗಿಯುತ್ತಿದ್ದವರು ಕೈ ನಿಲ್ಲಿಸಿ, ನೆಲದ ಕಡೆ ಕಿವಿಗೊಟ್ಟು, ಸ್ವಲ್ಪ ಹೊತ್ತು ಕೇಳಿದರು.

"ಅವಳಿಗೆ ಮಗು ಆಯ್ತಂತಾ?"

"ಗೊತ್ತಿಲ್ಲ ಅತ್ತೆ. ಹಾಕ್ಲಾ?"

"ಬೇಡ," ಎಂದು ಮತ್ತೆ ಹೂ ಎತ್ತಿಕೊಂಡರು.